ಬೆರಳಗಲ ಬಿಟ್ಟ ಗೆರೆ

ಟೈಲರಿಗೆ ಕಿಡ್ನಿ ಕೊಟ್ಟವಳು ಅವನ ಅಕ್ಕ. ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹೊಲಿಯುವವಳೂ ಅವಳೇ. ಅಕ್ಕನ ಆಸ್ತಿ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ ಎಂದು ಅವನು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಮೈ ಆ ಕಿಡ್ನಿಯನ್ನು ಹೊರದಬ್ಬದಿರಲೆಂದು, ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದ್ದ. ಕಾವಲುಗಾರನನ್ನೇ ಮಲಗಿಸಿದ ಮೇಲೆ ಮನೆಯೊಳಗೆ ಯಾರು ಬೇಕಾದರೂ ಬರಬಹುದಲ್ಲ.

ಹಾಗೇ ಬಂತು, ಎಡಗಾಲಿನ ಮೀನಖಂಡದ ಮೇಲೊಂದು ನೇರಳೆ ಗಂಟು. ನೋವಿಲ್ಲ, ತುರಿಕೆಯಿಲ್ಲ, ಮುಟ್ಟಿದರೆ ಬೆಚ್ಚಗೆ. ಚರ್ಮದಡಿಯಲ್ಲಿ ಯಾರೋ ಉಸಿರು ಬಿಗಿಹಿಡಿದು ಕೂತಿದ್ದಾರೆ ಅನ್ನಿಸಿತು ಅವನಿಗೆ.

ಯಾರಿಗೂ ಹೇಳಲಿಲ್ಲ, ಪುಣ್ಯಾತ್ಮ. ಆಸ್ಪತ್ರೆಗೆ ಹೋದರೆ ಮಾತ್ರೆ ತಗ್ಗಿಸುತ್ತಾರೆ, ತಗ್ಗಿಸಿದರೆ ಅಕ್ಕನ ಕಿಡ್ನಿ ಹೋಗುತ್ತದೆ ಎಂಬ ಭಯ. ಕಿಡ್ನಿ ಹಾಕಿಸಿಕೊಂಡಾಗ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವನಿಗೆ ಹಾಗೇ ಆಗಿತ್ತು. ಬದಲಿಗೆ ದಿನಾ ಬೆಳಿಗ್ಗೆ ಟ್ರಯಲ್ ರೂಮಿನ ಕನ್ನಡಿ ಮುಂದೆ ಪ್ಯಾಂಟು ಮಡಚಿ, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ನಿಂದ ಗಂಟಿನ ಸುತ್ತ ಗೆರೆ ಎಳೆಯುತ್ತಿದ್ದ. ಸಂಜೆ ನೋಡಿದರೆ ಗಂಟು ಗೆರೆ ಮುಟ್ಟಿರುತ್ತಿರಲಿಲ್ಲ. ಸದ್ಯ, ಬೆಳೆದಿಲ್ಲ ಎಂದುಕೊಳ್ಳುತ್ತಿದ್ದ. ಕನ್ನಡಿಯೊಳಗಿನ ಕಾಲು ಮಾತ್ರ ಯಾಕೋ ತನ್ನದಲ್ಲ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ಅವನ ಹರಿದ ಪ್ಯಾಂಟನ್ನು ಸರಿಮಾಡಲು ಹೊಲಿಗೆ ಬಿಚ್ಚಿದಳು. ಪ್ಯಾಂಟಿನ ಎಡಗಾಲಿನಲ್ಲಿ ಹಳೇ ಹೊಲಿಗೆಯ ತೂತುಗಳ ಸಾಲು, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು, ಒಳಗಿನಿಂದ ಯಾರೋ ತಳ್ಳುತ್ತಾ ಬಂದ ಹಾಗೆ. ಬಲಗಾಲಿನಲ್ಲಿ ಏನೂ ಇರಲಿಲ್ಲ. ಬಿಗಿಯಾದಾಗಲೆಲ್ಲ ಸಡಿಲಿಸಿದ್ದು ಅವನ ಕೈಯೇ. ತಲೆ ಅದನ್ನು ಗಮನಿಸಿಯೇ ಇರಲಿಲ್ಲ.

ಕಾಲು ತೋರಿಸು ಎಂದಳು. ಅವನು ಗೆರೆ ತೋರಿಸಿ, ಬೆಳೆದೇ ಇಲ್ಲ ಎಂದು ವಾದಿಸಿದ.

"ಹೊಲಿಗೆಗೆ ಅಂತ ಬೆರಳಗಲ ಬಿಟ್ಟಿದ್ದೀಯಲ್ಲೋ" ಎಂದಳು ಅಕ್ಕ.

ಬಟ್ಟೆಯ ಮೇಲೆ ಅಂಚು ಬಿಟ್ಟು ಗೆರೆ ಎಳೆಯುವ ಕೈ ಮೈಮೇಲೂ ಬಿಟ್ಟಿತ್ತು. ಸ್ನಾನಕ್ಕೆ ಹಳೇ ಗೆರೆ ಅಳಿಸಿಹೋಗುತ್ತಿತ್ತು. ಗಂಟು ಬೆಳೆದಂತೆಲ್ಲ ದಿನಾ ಹೊಸ ಗೆರೆ, ದಿನಾ ಬೆರಳಗಲ. ಅಕ್ಕ ಚಾಕ್ ಕಿತ್ತುಕೊಂಡು ಗಂಟಿನ ಬುಡಕ್ಕೇ ಒತ್ತಿ ಗೆರೆ ಎಳೆದಳು. ಮಾರನೇ ದಿನ ಡಾಕ್ಟರ ಮುಂದೆ ಪ್ಯಾಂಟು ಮಡಚಿದಾಗ ಗಂಟು ಹಿಗ್ಗಿ, ಆ ಗೆರೆ ಅದರ ಮೇಲೇರಿ ಕೂತಿತ್ತು.

ಚೂರು ತೆಗೆದು ಪರೀಕ್ಷಿಸಿದ ಮೇಲೆ ಡಾಕ್ಟರು ಹೇಳಿದರು: ಚರ್ಮದ ಲಿಂಫೋಮಾ, ಅಪರೂಪದ ಕ್ಯಾನ್ಸರ್, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಬಂದು ಬೇಗ ಹಬ್ಬುವಂಥದ್ದು. ಮೊದಲು ಮಾತ್ರೆ ಇಳಿಸಬೇಕು, ಆಮೇಲೆ ಚಿಕಿತ್ಸೆ. ಕಿಡ್ನಿ ಉಳಿಯುವ ಭರವಸೆ ಕೊಡಲಾರೆ ಎಂದರು.

ಟೈಲರ್ ಹೊಟ್ಟೆ ಅವುಚಿಕೊಂಡ. "ಅಕ್ಕಾ, ಇದು ನಿಂದು. ಹೇಗೆ ಕಳ್ಕೊಳ್ಲಿ?"

"ನೀನು ಉಳೀಲಿ ಅಂತ ಕೊಟ್ಟೆ ಕಣೋ" ಎಂದಳು ಅಕ್ಕ. "ಅದು ಉಳೀಲಿ ಅಂತಲ್ಲ."

ಅವನು ಅತ್ತುಬಿಟ್ಟ. ಮನೆಗೆ ಬಂದು, ಅಕ್ಕನ ಎದುರೇ, ಡಾಕ್ಟರು ಹೇಳಿದ ಹಾಗೆ ಸಂಜೆಯ ಮಾತ್ರೆಗಳಲ್ಲಿ ಒಂದನ್ನು ಪಕ್ಕಕ್ಕಿಟ್ಟ. ಕಾಲಿನಲ್ಲಿ ಗಂಟು ಬೆಚ್ಚಗೆ ಕೂತೇ ಇತ್ತು.