ಅಜ್ಜಿಯ ಬಲಗಣ್ಣು

ಶುಕ್ರವಾರ ಬೆಳಗ್ಗೆ ಎಂಟೂವರೆಗೆ ನಮ್ಮಜ್ಜಿ ಸೀತಮ್ಮನ ಬಲಗಣ್ಣು ಅದುರಿತು. ಬಲಗಣ್ಣು ಅದುರಿದರೆ ಗಂಡಸರಿಗೆ ಶುಭ, ಹೆಂಗಸರಿಗೆ ಅಪಶಕುನ. ಇದು ಗೊತ್ತಿಲ್ಲದವರು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಯಾರೂ ಇಲ್ಲ. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ನಾವು ಭದ್ರಾವತಿಯ ನ್ಯೂ ಟೌನ್ ತಲುಪಿ, ಲೋಹಿತನ ಮನೆಯಲ್ಲಿ ಕೂತು, ನನ್ನ ಮತ್ತು ಅವನ ನಿಶ್ಚಿತಾರ್ಥದ ದಿನ ಗೊತ್ತುಮಾಡಬೇಕಿತ್ತು. ಅಪ್ಪ, ಅಮ್ಮ ಆಗಲೇ ಸ್ಕೂಟರಿನಲ್ಲಿ ಹೊರಟುಹೋಗಿದ್ದರು.

"ನಾನು ಬರಲ್ಲ ಕವನಾ. ಮುಂದೆ ನೋಡೋಣ" ಎಂದಳು ಅಜ್ಜಿ.

ನಮ್ಮ ಮನೆಯಲ್ಲಿ "ಮುಂದೆ ನೋಡೋಣ" ಎಂದರೆ ಕತೆ ಮುಗಿಯಿತು ಎಂದು. ಅಜ್ಜಿ ಹೋಗದೆ ಯಾವ ಶುಭಕಾರ್ಯವೂ ನಿಶ್ಚಯವಾಗುವುದಿಲ್ಲ. ಲೋಹಿತನದು ಗೌಡರ ಮನೆ, ನಾವು ಬ್ರಾಹ್ಮಣರು. ಅವಳನ್ನು ಒಪ್ಪಿಸುವುದಕ್ಕೇ ನನಗೆ ಹದಿನಾಲ್ಕು ತಿಂಗಳು ಹಿಡಿದಿತ್ತು. ಈಗ ಒಂದು ರೆಪ್ಪೆ ಅದನ್ನೆಲ್ಲ ನೀರಿನಲ್ಲಿ ಹೋಮ ಮಾಡಲು ಹೊರಟಿತ್ತು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಮೊದಲು ಬಂದದ್ದರಿಂದ ನೆಟ್ಟಗೆ ಅಜ್ಜನ ಕೋಣೆಗೆ ನುಗ್ಗಿದೆ.

ಅಜ್ಜ ಶಂಕರನಾರಾಯಣ ಮೇಷ್ಟ್ರು ರಿಟೈರ್ ಆದಮೇಲೆ ಒಂದೊಂದೇ ಕನ್ನಡ ಮಾತು ಹಿಡಿದು, ಅದರ ಹುಟ್ಟು, ಅರ್ಥ ಎಲ್ಲ ಕಾರ್ಡಿನ ಮೇಲೆ ಬರೆದಿಡುತ್ತಾರೆ. ಗ್ರಹಚಾರಕ್ಕೆ ಆ ತಿಂಗಳು ಅವರು ಹಿಡಿದಿದ್ದದ್ದೂ "ಅದುರು" ಎಂಬ ಮಾತನ್ನೇ. ಹಳಗನ್ನಡದಲ್ಲಿ ಅದಿರ್, ತಮಿಳಿನಲ್ಲೂ ಅದಿರ್, ತೆಲುಗಿನಲ್ಲಿ ಅದುರು. ನೆಲ ಅದುರುತ್ತದೆ, ತುಟಿ ಅದುರುತ್ತದೆ, ಎದೆ ಅದುರುತ್ತದೆ. ಆಧಾರವಿಲ್ಲದೆ ಒಂದಕ್ಷರ ಬರೆಯುವ ಆಸಾಮಿಯಲ್ಲ. ಲೋಹಿತನ ಅಪ್ಪ ಹೊನ್ನಯ್ಯನವರು ಮೂವತ್ತು ವರ್ಷ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಮೊದಲ ಸಲ ನಮ್ಮ ಮನೆಗೆ ಬಂದಾಗ ಪ್ರೀತಿಯಿಂದಲೇ, "ನಮ್ಮ ಕಬ್ಬಿಣದ ಅದಿರಿಗೂ ಈ ಅದುರೋದಕ್ಕೂ ಸಂಬಂಧ ಇರ್ಬೇಕಲ್ವಾ ಮೇಷ್ಟ್ರೇ? ಸುರಿದ್ರೆ ನೆಲಾನೇ ಅದುರ್ತಿತ್ತು" ಎಂದಿದ್ದರು. ಅಜ್ಜ, "ಆಧಾರ ಇಲ್ಲ" ಎಂದುಬಿಟ್ಟರು. ಬೀಗರಾಗುವವರ ಗಂಟಲಲ್ಲಿ ಲಾಡು ಸಿಕ್ಕಿಕೊಂಡಿತ್ತು.

"ಅಜ್ಜ, ಬಲಗಣ್ಣು ಅದುರಿತು ಅಂತ ಅಜ್ಜಿ ಬರಲ್ಲ ಅಂತಿದಾಳೆ. ಅದುರು ಅನ್ನೋ ಮಾತಿಗೆ ಒಂದು ಒಳ್ಳೆ ಅರ್ಥ ಹುಡುಕಿ. ಈಗಲೇ" ಎಂದೆ.

"ಇಲ್ಲದ ಅರ್ಥ ಎಲ್ಲಿಂದ ತರ್ಲಿ ಮಾರಾಯ್ತಿ?"

"ಹಾಗಾದ್ರೆ ನನಗೆ ಮದುವೆಯೇ ಬೇಡ. ಜೀವನಪೂರ್ತಿ ಇಲ್ಲೇ ಕೂತು ನಿಮ್ಮ ಕಾರ್ಡು ಜೋಡಿಸಿಕೊಡ್ತೀನಿ."

ಅಜ್ಜ ಬೆಚ್ಚಿದರು. ಹೋದ ವರ್ಷ ನಾನು ಜೋಡಿಸಿಕೊಟ್ಟ ಕಾರ್ಡುಗಳಲ್ಲಿ "ಬ" ಅಕ್ಷರ ಇಂದಿಗೂ ಪತ್ತೆಯಿಲ್ಲ. ಆದರೂ ಅವರು ಅಲ್ಲಾಡಲಿಲ್ಲ. ಆಮೇಲೆ ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅದನ್ನು ನೋಡಿ ಕನ್ನಡಕ ತೆಗೆದಿಟ್ಟು ಎದ್ದರು.

ಅಜ್ಜಿ ಅಡುಗೆಮನೆಯಲ್ಲಿ ಬೇಕೆಂದೇ ಬೇಳೆ ಆರಿಸುತ್ತಿದ್ದಳು.

"ಸೀತಾ, ಅದುರು ಅನ್ನೋ ಮಾತಿಗೆ ಒಂದು ಹಳೇ ಅರ್ಥ ಸಿಕ್ಕಿದೆ. ಒಳ್ಳೇದು ಬಂದು ಕದ ತಟ್ಟೋದು ಅಂತ. ರೆಪ್ಪೆ ಅಂದ್ರೆ ಕಣ್ಣಿನ ಕದ. ಎಡ, ಬಲ ಎಲ್ಲ ಆಮೇಲೆ ಸೇರಿಸಿದ್ದು."

"ಆಧಾರ?" ಎಂದಳು ಅಜ್ಜಿ, ತಲೆ ಎತ್ತದೆ.

ಅಜ್ಜನ ಕಿವಿ ಕೆಂಪಾಯಿತು. "ಒಂದು ಓಲೆಗರಿ."

"ಎಲ್ಲಿದೆ?"

"ಗೆದ್ದಲು ತಿಂದುಬಿಟ್ಟಿದೆ."

ನಗು ತಡೆಯಲು ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅಜ್ಜಿ ಅಜ್ಜನ ಮುಖವನ್ನು ಒಂದು ನಿಮಿಷ ದಿಟ್ಟಿಸಿದಳು. ಮೊರ ಬದಿಗಿಟ್ಟು, "ಗೆದ್ದಲು ತಿನ್ನೋವಷ್ಟು ಹಳೇದಾದ್ರೆ ಸರಿಯಾಗೇ ಇರುತ್ತೆ" ಎಂದು ಸೀರೆ ಬದಲಿಸಲು ಹೋದಳು. ನಾನು ಗೆದ್ದೆ ಎಂದುಕೊಂಡೆ. ಎಂಥ ಚಾಲಾಕಿ ಮೊಮ್ಮಗಳು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಾರು ನಾನೇ ಓಡಿಸುತ್ತಿದ್ದೆ. ಅಜ್ಜ, ಅಜ್ಜಿ ಹಿಂದಿನ ಸೀಟಿನಲ್ಲಿದ್ದರು. ಅರ್ಧ ದಾರಿ ದಾಟಿರಬೇಕು, ಅಜ್ಜ ಕೆಮ್ಮಿದರು.

"ಸೀತಾ, ಆ ಓಲೆಗರಿ ವಿಷಯ..."

ಅವರು ಒಪ್ಪಿಕೊಂಡರೆ ಅಜ್ಜಿ ಕಾರು ತಿರುಗಿಸು ಎನ್ನುತ್ತಾಳೆ, ಅಲ್ಲಿಗೆ ನನ್ನ ಮದುವೆ ಮುಗಿದ ಹಾಗೆ.

"ಗಾಳಿ ಜೋರು ಕಣ್ರೀ. ಏನೂ ಕೇಳಿಸ್ತಿಲ್ಲ" ಎಂದಳು ಅಜ್ಜಿ.

ಕಾರಿನ ನಾಲ್ಕೂ ಗಾಜು ಏರಿಸಿತ್ತು. ಆದರೆ ಅಜ್ಜ ಬಿಡುವವರಲ್ಲ. ಇನ್ನೂ ಗಟ್ಟಿಯಾಗಿ, "ಅಂಥ ಓಲೆಗರಿ ಇಲ್ಲ ಸೀತಾ. ನಾನು ಸುಳ್ಳು ಹೇಳ್ದೆ" ಎಂದರು.

ಅಜ್ಜಿ ಅವರ ಕಡೆ ತಿರುಗಲೇ ಇಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಹೇಳಿದಳು: "ನಲವತ್ತೆಂಟು ವರ್ಷದಲ್ಲಿ ನಿಮ್ಮಜ್ಜ ನನಗೋಸ್ಕರ ಅಂತ ಒಂದೇ ಒಂದು ಸುಳ್ಳು ಹೇಳಿದವರಲ್ಲ. ನಿನಗೋಸ್ಕರ ಹೇಳಿದಾರೆ. ಅದನ್ನ ವಾಪಸ್ ತಗೊಳ್ಳೋಕೆ ನಾನು ಬಿಡ್ತೀನಾ? ನೀನು ರಸ್ತೆ ನೋಡ್ಕೊಂಡು ಓಡಿಸು."