ಹೈಫಾಂಗ್‌ನಲ್ಲಿ ಬೋಣಿ

ರೈಲು ಕೆಂಪು ನದಿಯ ಸೇತುವೆ ದಾಟುವಾಗ ಖುಯೆ ಮುದುಕಿ ಸೊಸೆ ಲುವಾಳ ಅಂಗಿಗೆ ಸಿಕ್ಕಿಸಿದ್ದ ಸೂತಕದ ಕಪ್ಪು ಬಟ್ಟೆಯ ಚೂರನ್ನು ಬಿಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಹೋಗ್ತಿರೋದು ಸಮುದ್ರಕ್ಕೆ. ಸಾವಿನ ಮನೆಗಲ್ಲ."

ಸತ್ತವನು ಮುದುಕಿಯದೇ ಮಗ, ಲುವಾಳ ಗಂಡ. ಅವನು ಹೋದ ಮೇಲೆ ಮಾತಿಲ್ಲದೆಯೂ ಒಂದು ಮನೆ ನಡೆಯುತ್ತದೆ ಎಂಬುದು ಇಬ್ಬರಿಗೂ ರೂಢಿಯಾಗಿತ್ತು.

ಸಾವಾದ ಮನೆಯವರು ಬೆಳಗಿನ ಬೋಣಿ ಮಾಡಿದರೆ ಆ ದಿನವಿಡೀ ಅಂಗಡಿಗೆ ನೊಣವೂ ಬರುವುದಿಲ್ಲ ಎನ್ನುತ್ತಾರೆ. ಹಾನೋಯ್‌ನ ಓಣಿಯಲ್ಲಿ ಲುವಾ ಒಂದು ಕಟ್ಟು ಸೊಪ್ಪು ಬೇಕಿದ್ದರೂ ದೂರ ನಿಂತು, ಬೇರೆ ಯಾರಾದರೂ ಕೊಂಡ ಮೇಲೆಯೇ ಮುಂದೆ ಹೋಗುತ್ತಿದ್ದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಹೇಳದೆ ಬಿಟ್ಟದ್ದೇ ಅವಳಿಗೆ ಹೆಚ್ಚು ಕೇಳಿಸುತ್ತಿತ್ತು.

ಹೈಫಾಂಗ್‌ನಲ್ಲಿ ಇಳಿದದ್ದೇ ಮುದುಕಿಗೆ ಏಡಿ ಸಾರಿನ ಶಾವಿಗೆ ಬೇಕಾಯಿತು. ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಹೆಂಗಸು ಆಗತಾನೆ ಒಲೆ ಹಚ್ಚಿದ್ದಳು.

"ಬನ್ನಿ ದೊಡ್ಡಮ್ಮ! ಏಡಿ ತರೋನು ಇವತ್ತು ಲೇಟು ಮಾಡ್ಬಿಟ್ಟ. ಬೋಣಿ ನಿಮ್ದೇ!"

ಲುವಾ ಅಲ್ಲೇ ನಿಂತಳು. "ಅಮ್ಮ, ಆಮೇಲೆ ಬರೋಣ."

"ಆಮೇಲೆ ಅಂದ್ರೆ ನನ್ ಹೊಟ್ಟೆ ಕೇಳುತ್ತಾ?"

ಅಷ್ಟರಲ್ಲಿ ಅಂಗಡಿಯವಳು ಲುವಾಳ ಕೈ ಹಿಡಿದೆಳೆದು ಸ್ಟೂಲಿನ ಮೇಲೆ ಕೂರಿಸಿಯೇ ಬಿಟ್ಟಳು.

ಸಾರು ಬಿಸಿಯಾಗಿತ್ತು, ರುಚಿಯಾಗಿತ್ತು. ಬಟ್ಟಲು ಖಾಲಿಯಾಯಿತು. ಇನ್ನೊಬ್ಬ ಗಿರಾಕಿ ಬರಲಿಲ್ಲ. ಎದುರಿನ ಅಂಗಡಿ ಮಾತ್ರ ತುಂಬುತ್ತಿತ್ತು. ಈಗ ಎದ್ದು ಹೋದರೆ ಈ ಹೆಂಗಸಿನ ದಿನವೇ ಕೆಟ್ಟಂತೆ, ಯಾಕೆ ಕೆಟ್ಟಿತೆಂದು ತನಗೊಬ್ಬಳಿಗೇ ಗೊತ್ತಿರುತ್ತದೆ ಎಂದುಕೊಂಡಳು ಲುವಾ.

"ಇನ್ನೊಂದು ಬಟ್ಟಲು ಕೊಡಿ."

"ಇನ್ನೊಂದಾ?" ಮುದುಕಿ ಕಣ್ಣರಳಿಸಿದಳು. "ನಾನು ನಿನ್ನ ಉಪವಾಸ ಕೆಡವಿದ್ದೀನಿ ಅಂದ್ಕೊಳ್ತಾಳೆ ಈ ಅಂಗಡಿಯವಳು!"

"ಸಾರು ಚೆನ್ನಾಗಿದೆ ಅಮ್ಮ."

"ಚೆನ್ನಾಗೇನೋ ಇದೆ. ಆದ್ರೆ ಸಮುದ್ರ ಇರೋದು ದೋಸೋನ್‌ನಲ್ಲಿ, ಈ ಬಟ್ಟಲಲ್ಲಲ್ಲ. ಬಸ್ಸು ಹೋಗ್ಬಿಡುತ್ತೆ."

ಲುವಾ ಒಂದೊಂದೇ ಎಳೆ ಎತ್ತಿ ತಿಂದಳು. ಅಂಗಡಿಯವಳು ಬೀಸಣಿಗೆ ಹಿಡಿದು ಬೀದಿಯತ್ತ ನೋಡಿದಳು. "ಏನೋ ಇವತ್ತು, ಈ ಕಡೆ ಜನಾನೇ ತಿರುಗ್ತಿಲ್ಲ."

"ತಂಗಿ, ನಾನು..." ಎಂದಳು ಲುವಾ. ಖಾಲಿ ಬಟ್ಟಲನ್ನು ಮುಂದೆ ಸರಿಸಿದಳು. "ಇನ್ನೂ ಒಂದು ಹಾಕಿ."

ಈ ಸಲ ಮುದುಕಿ ಬೈಯಲಿಲ್ಲ. ಸೊಸೆಯ ಮುಖ ನೋಡಿದಳು, ಖಾಲಿ ಸ್ಟೂಲುಗಳನ್ನು ನೋಡಿದಳು. ಆಮೇಲೆ ಆ ಮೂರನೆಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡು ಚೀಲವನ್ನು ಕಾಲ ಬಳಿ ಇಟ್ಟಳು.

"ಇದು ನಂಗಿರ್ಲಿ. ಇವಳಿಗೆ ಚಹಾ ಕೊಡಮ್ಮ. ಬಸ್ಸು ಇನ್ನೊಂದು ಬರುತ್ತೆ."

ಲುವಾ ತಲೆ ತಗ್ಗಿಸಿದಳು. ಚಹಾ ಆರುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಆಗ ಗಲ್ಲಿಯ ತಿರುವಿನಲ್ಲಿ ಗಲಾಟೆ ಕೇಳಿಸಿತು. ಅದೇ ರೈಲಿನಲ್ಲಿ ಬಂದಿದ್ದ ಹುಡುಗ ಹುಡುಗಿಯರು. ಕಾಫಿ ಕುಡಿದು, ಫೋಟೊ ತೆಗೆದುಕೊಂಡು, ಎದುರಿನ ಅಂಗಡಿಯಲ್ಲಿ ಜಾಗ ಸಿಗದೆ ಇತ್ತ ನುಗ್ಗಿದರು. ಸ್ಟೂಲುಗಳು ಸಾಲಲಿಲ್ಲ.

ಅಂಗಡಿಯವಳ ದನಿ ಬದಲಾಯಿತು. "ಅಕ್ಕಾ, ಇನ್ನೂ ಚಹಾ ಕುಡೀತಿದ್ದೀರಾ? ದೊಡ್ಡಮ್ಮ, ಬೇಜಾರು ಮಾಡ್ಕೋಬೇಡಿ, ಏಳಿ ಏಳಿ! ಜನ ನಿಂತಿದ್ದಾರೆ!"

"ಬಾಯಿ ಒರೆಸ್ಕೊಳ್ಳೋಕೂ ಬಿಡಲ್ವಲ್ಲೇ!"

"ಅಕ್ಕನ ಕೈಗುಣ ನೋಡಿ, ಇದು ಬೋಣಿ ಅಂದ್ರೆ!"

ಲುವಾ ಎದ್ದಳೋ ಇಲ್ಲವೋ, ಯಾರೋ ಅವಳ ಸ್ಟೂಲನ್ನು ಎಳೆದುಕೊಂಡರು. ಒಂದು ಜಾಗದಿಂದ ಹೀಗೆ ಓಡಿಸಿಕೊಂಡು ಇಷ್ಟು ಹಗುರಾಗಿ ಹೊರಬಂದದ್ದು ಅವಳಿಗೆ ನೆನಪಿರಲಿಲ್ಲ. ಹೊಟ್ಟೆ ಮಾತ್ರ ಭಾರವಾಗಿತ್ತು.

ಬಸ್ ನಿಲ್ದಾಣದಲ್ಲಿ ಟೋಪಿ ಮಾರುವವಳು ಗಂಟು ಬಿಚ್ಚುತ್ತಿದ್ದಳು. ಲುವಾ ನೇರ ಹೋಗಿ ಎರಡು ಟೋಪಿ ಎತ್ತಿಕೊಂಡಳು. ಹಿಂದಿನಿಂದ ಮುದುಕಿ ಕೂಗಿದಳು: "ಎಷ್ಟಂತೆ? ಅರ್ಧಕ್ಕೆ ಕೇಳು!"

"ಸುಮ್ನಿರಿ ಅಮ್ಮ," ಎಂದಳು ಲುವಾ, ಸುತ್ತಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. "ಬೋಣಿ ಹೊತ್ತಲ್ಲಿ ಚೌಕಾಸಿ ಮಾಡಬಾರದು."