ಎಲಾದಿಯೋನ ಕೆಂಪು ಉಗುರು

೧
ಎಲ್ಲಿಂದ ಶುರು ಮಾಡಲಿ? ಅಂಕಿಗಳಿಂದ? ನಮ್ಮ ಪೋನ್ಸೆ ಊರಿನ ಬೇಸ್‌ಬಾಲ್ ತಂಡಕ್ಕೆ ಎಲಾದಿಯೋ ಇಪ್ಪತ್ತೆರಡು ಸೀಸನ್ ಕ್ಯಾಚರ್. ಗೆದ್ದ ಚಾಂಪಿಯನ್‌ಶಿಪ್ ಒಂಬತ್ತು. ಮುರಿದ ಬೆರಳು ಏಳು. (ಕಲ್ಲಿನ ಮೇಲೆ ಕೆತ್ತಿಸಲು ಅಡ್ಡಿಯಿಲ್ಲ, ಕಥೆಗೆ ಸಾಲದು. ಹೊಡೆದುಹಾಕಿದೆ.)

೨
ಅವನ ಹೆಂಡತಿ ಇರಾಯ್ದಾಳಿಂದ ಶುರು ಮಾಡೋಣ. ಕಾಫಿ ಬಗ್ಗಿಸುತ್ತ ಅವಳೆಂದಳು: “ಕೊನೇ ವರ್ಷ ನನ್ನ ನೇಲ್ ಪಾಲಿಶ್ ಎಲ್ಲಾ ಇವರೇ ಖಾಲಿ ಮಾಡಿದ್ರು. ತಂಡದೋರು ‘ಮದುಮಗಳು ಬಂದ್ಲು’ ಅಂತ ರೇಗ್ಸೋರು.”

ಬ್ಯಾಟರ್‌ನ ಹಿಂದೆ ಕುಕ್ಕರಗಾಲಲ್ಲಿ ಕೂತ ಕ್ಯಾಚರ್, ಯಾವ ಚೆಂಡು ಎಸೆಯಬೇಕೆಂದು ಪಿಚರ್‌ಗೆ ಬೆರಳಲ್ಲಿ ಹೇಳುತ್ತಾನೆ. ಪಿಚರ್ ಬೌದಿಲಿಯೋನ ಕಣ್ಣು ಮಂಜಾಗುತ್ತಿತ್ತು. ಬಾಯಿಬಿಟ್ಟರೆ ತಂಡದಿಂದ ಹೊರಗೆ. ಎಲಾದಿಯೋ ತಾನಾಗಿಯೇ ಗಮನಿಸಿದ. ಏನೂ ಕೇಳಲಿಲ್ಲ. ಉಗುರಿಗೆ ಕೆಂಪು ಬಳಿದುಕೊಂಡು ಬಂದ, ಅಷ್ಟೇ.

೩
(ಇಲ್ಲಿ ಎಲಾದಿಯೋ ಕರಡನ್ನು ಕಿತ್ತುಕೊಂಡ.)

“ಏನಯ್ಯಾ, ಅಂಕಿ ಬರಿ ಅಂದ್ರೆ ಅವನ ಕಣ್ಣು ಬರೀತೀಯಾ?”

“ಅಂಕಿ ಯಾರು ಓದ್ತಾರೋ?”

“ಓದದಿದ್ರೆ ಒಳ್ಳೇದೇ ಆಯ್ತು!”

೪
ಆದರೂ ಬರೆಯುತ್ತೇನೆ. ಫೈನಲ್. ನಾವು ಒಂದೇ ರನ್ ಮುಂದೆ, ಇನ್ನೊಂದು ಸ್ಟ್ರೈಕ್, ಅಂದರೆ ಬ್ಯಾಟರ್ ಇನ್ನೊಮ್ಮೆ ಬೀಸಿ ತಪ್ಪಿದರೆ ಸಾಕು, ಗೆದ್ದಂತೆ. ಮೂರನೇ ಬೇಸಿನಲ್ಲಿ ಎದುರಾಳಿ ಕಾದಿದ್ದಾನೆ. ಚೆಂಡು ಎಲಾದಿಯೋನ ಕೈತಪ್ಪಿದರೆ ಓಡಿಬಂದು ಸಮ ಮಾಡುತ್ತಾನೆ. ಸಂಜೆಮಬ್ಬಿನಲ್ಲಿ ಕೆಂಪು ಉಗುರೂ ಕಾಣದೆ ಬೌದಿಲಿಯೋ ನಿಂತೇ ಇದ್ದ. ಎಲಾದಿಯೋ ಇನ್ನೊಮ್ಮೆ ಪಿಚರ್ ಹತ್ತಿರ ಹೋದರೆ ಪಿಚರ್‌ನನ್ನೇ ಹೊರಗೆ ಕಳಿಸುತ್ತೇನೆಂದು ಅಂಪೈರ್ ಗದರಿಸಿದ್ದ.

ಎಲಾದಿಯೋ ಕೂತಲ್ಲಿಂದಲೇ ಕೂಗಿದ: “ಬೌದೀ, ನಿನ್ನಿಷ್ಟದ್ದು ಎಸಿಯೋ! ನಾನಿದೀನಿ!”

ಯಾವ ಚೆಂಡು ಬರುತ್ತದೆಂದು ತಿಳಿಯದೆ ಹಿಡಿಯುವುದೆಂದರೆ ಮೈಯನ್ನೇ ಒಡ್ಡಿದಂತೆ. ಚೆಂಡು ಬಂತು, ಕೊನೆಗಳಿಗೆಯಲ್ಲಿ ಕೆಳಗೆ ಜಾರಿತು. ಬ್ಯಾಟರ್ ಬೀಸಿ ತಪ್ಪಿದ. ಎಲಾದಿಯೋ ಎರಡೂ ಕೈ ಚಾಚಿ ಬಿದ್ದ. ಬಲಗೈ ಹೆಬ್ಬೆರಳು ಮುರಿಯಿತು. ಚೆಂಡು ನೆಲ ಮುಟ್ಟಲಿಲ್ಲ, ನಾವು ಗೆದ್ದೆವು. ಅದೇ ಅವನ ಕೊನೆಯ ಪಂದ್ಯ.

೫
ಅನುಮತಿ ಕೇಳಲು ಬೌದಿಲಿಯೋನ ಬಳಿ ಹೋದೆ.

“ಅವನಿಗೆ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು ಕಣ್ರೀ. ಬರೀರಿ, ಹೇಗೂ ನನಗೆ ಓದೋಕಾಗಲ್ಲ,” ಎಂದು ನಕ್ಕ. “ಆದ್ರೆ ನನಗೆ ಗೊತ್ತಿತ್ತು ಅಂತ ಅವನಿಗೆ ಹೇಳ್ಬೇಡಿ. ನಾಚ್ಕೋತಾನೆ.”

(ಬರೆದೂ ಹೇಳದಿರುವುದು ಹೇಗೆ, ಓದುಗರೇ?)

೬
ಮುಕ್ತಾಯ ಒಂದು: ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. (ಛೆ, ನನಗೇ ಮುಜುಗರ.)
ಮುಕ್ತಾಯ ಎರಡು: ಈ ಹಾಳೆ ಹರಿದುಹಾಕುತ್ತೇನೆ. (ಮನಸ್ಸಾಗುತ್ತಿಲ್ಲ.)

ಸದ್ಯಕ್ಕೆ ಭಾನುವಾರ ಮಧ್ಯಾಹ್ನ. ಮೂವರೂ ಡಾಮಿನೋ ಆಡುತ್ತಿದ್ದೇವೆ. ಇಡುವ ಪ್ರತಿ ಬಿಲ್ಲೆಯ ಚುಕ್ಕಿಯನ್ನೂ, ನನ್ನದನ್ನೂ ಸೇರಿಸಿ, ಎಲಾದಿಯೋ ಗಟ್ಟಿಯಾಗಿ ಹೇಳುತ್ತಾನೆ.

“ಯಾಕೋ ಹಾಗೆ ಕಿರುಚ್ತೀಯಾ?” ಎಂದ ಬೌದಿಲಿಯೋ.

“ನನಗೆ ಕಿವಿ ಮಂದ ಮಾರಾಯ. ಆರು–ನಾಲ್ಕು! ಈಗ ನಿಂದು.”

ಬೌದಿಲಿಯೋ ತನ್ನ ಬಿಲ್ಲೆಗಳ ಚುಕ್ಕಿಗಳನ್ನು ಬೆರಳಿನಿಂದ ಸವರುತ್ತಿದ್ದಾನೆ. ಅವಸರವೇನಿಲ್ಲ, ನಾವು ಕಾಯುತ್ತಿದ್ದೇವೆ